ಹದಿನಾಲ್ಕು ಪುಟ ಇದೆ, ಭಾಷಣ ಎಲ್ಲಿದೆ?

ಪ್ರಶ್ನೆ: ಇನ್ನು ಮೂರು ವಾರಕ್ಕೆ ನಮ್ಮ ಕಚೇರಿಯ ಸುಮಾರು 40 ಸಹೋದ್ಯೋಗಿಗಳ ಮುಂದೆ ನಾನು 15 ನಿಮಿಷ ಮಾತಾಡಬೇಕು. ವಿಷಯ ನಿದ್ದೆ. ನನಗೆ ತುಂಬ ಇಷ್ಟದ ವಿಷಯ. ತಿಂಗಳಿಂದ ಓದಿ 14 ಪುಟ ಬರೆದಿದ್ದೇನೆ. ನಿದ್ದೆಯ ಹಂತಗಳು, ಕನಸು, ದೇಹದ ಗಡಿಯಾರ, 2017ರ ನೊಬೆಲ್, ಕೆಫೀನ್, ಮೊಬೈಲ್ ಬೆಳಕು, ಗೊರಕೆ, ಹಗಲು ನಿದ್ದೆ ಎಲ್ಲ ಇದೆ. ಮೊನ್ನೆ ತಂಗಿಗೆ ಓದಿ ಹೇಳಿದೆ. "ಎಲ್ಲಾ ಚೆನ್ನಾಗಿದೆ ಅಕ್ಕ, ಆದ್ರೆ ಕೊನೆಗೆ ನೀನು ಏನು ಹೇಳ್ದೆ ಅಂತ ಗೊತ್ತಾಗ್ಲಿಲ್ಲ" ಅಂದಳು. ಇದನ್ನು ಹೇಗೆ ಜೋಡಿಸಬೇಕು? ಎಷ್ಟು ಪಾಯಿಂಟ್ ಇರಬೇಕು? ಪೂರ್ತಿ ಬಾಯಿಪಾಠ ಮಾಡಲಾ, ಇಲ್ಲ ಚೀಟಿ ಸಾಕಾ?

ಉತ್ತರ: ಮೊದಲು ನಿಮ್ಮ ತಂಗಿಗೆ ಒಂದು ಥ್ಯಾಂಕ್ಸ್ ಹೇಳಿ. ಮನೆಯವರು ಸಾಮಾನ್ಯವಾಗಿ "ಸೂಪರ್" ಅಂದು ಎದ್ದು ಹೋಗುತ್ತಾರೆ. ಅವರು ಹಾಗೆ ಮಾಡದೆ, ನಿಮಗೆ ಬೇಕಾದ ಮಾತನ್ನೇ ಹೇಳಿದ್ದಾರೆ. ನಿಮ್ಮಲ್ಲಿ ಸರಕು ಕಮ್ಮಿ ಇಲ್ಲ, ಜಾಸ್ತಿಯೇ ಇದೆ. ಅದನ್ನೆಲ್ಲ ಒಟ್ಟಿಗೆ ಹಿಡಿದಿಡುವ ಎಳೆ ಮಾತ್ರ ಇನ್ನೂ ಸಿಕ್ಕಿಲ್ಲ.

ನಾನು ಎಷ್ಟೋ ವರ್ಷದಿಂದ ಭಾಷಣ ಕಲಿಸುತ್ತಿದ್ದೇನೆ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರ ಕಥೆ ಇದೇ. ಅವರು ವೇದಿಕೆಗೆ ಹೆದರುತ್ತೇನೆ ಅಂದುಕೊಂಡಿರುತ್ತಾರೆ. ಸ್ವಲ್ಪ ಕೆದಕಿದರೆ, ಮುಂದಿನ ಮಾತು ಯಾವುದು ಅಂತ ಅವರಿಗೇ ಖಚಿತ ಇರುವುದಿಲ್ಲ. ಅರ್ಧ ಹೆದರಿಕೆ ಅಲ್ಲಿಂದಲೇ ಬರುತ್ತದೆ.

ಓದುವವರಿಗೂ ಕೇಳುವವರಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಓದುವಾಗ ಅರ್ಥವಾಗದಿದ್ದರೆ ಹಿಂದಿನ ಪುಟಕ್ಕೆ ಹೋಗಬಹುದು, ಮತ್ತೆ ಓದಬಹುದು, ನಾಳೆ ನೋಡೋಣ ಅಂತ ಬಿಡಬಹುದು. ಕೇಳುವವರಿಗೆ ಇದ್ಯಾವುದೂ ಇಲ್ಲ. ನೀವು ಮೂರನೇ ವಿಷಯಕ್ಕೆ ಹೋದಾಗ ಅವರು ಇನ್ನೂ ಎರಡನೆಯದರಲ್ಲೇ ಸಿಕ್ಕಿಕೊಂಡಿದ್ದರೆ, ಕೈ ಎತ್ತಿ "ಸ್ವಲ್ಪ ನಿಲ್ಲಿ" ಅನ್ನುವುದಿಲ್ಲ. ಸುಮ್ನೆ ಮೊಬೈಲ್ ತೆಗೆಯುತ್ತಾರೆ. ಭಾಷಣವನ್ನು ಜೋಡಿಸುವ ಎಲ್ಲ ಕಷ್ಟವೂ ಈ ಒಂದು ಕಾರಣಕ್ಕೆ. ಈಗ ಎಲ್ಲಿದ್ದೇವೆ, ಇಲ್ಲಿಗೆ ಯಾಕೆ ಬಂದೆವು ಅನ್ನುವುದು ಕೇಳುವವರಿಗೆ ಪ್ರತಿ ಕ್ಷಣವೂ ಗೊತ್ತಿರಬೇಕು.

ಹಳೆಯ ರೋಮಿನಲ್ಲಿ ಭಾಷಣ ಕಲಿಸುವವರು ಈ ಕೆಲಸವನ್ನು ಐದು ಭಾಗ ಮಾಡಿದ್ದರು. ಹೇಳಬೇಕಾದ್ದನ್ನು ಹುಡುಕುವುದು, ಜೋಡಿಸುವುದು, ಮಾತಿನಲ್ಲಿ ಹಿಡಿಯುವುದು, ನೆನಪಿಟ್ಟುಕೊಳ್ಳುವುದು, ಕೊನೆಗೆ ಜನರ ಮುಂದೆ ಹೇಳುವುದು. ಅಲ್ಲಿನ ಹೆಸರಾಂತ ಭಾಷಣಕಾರ ಸಿಸೆರೊ ಕೂಡ ಇದೇ ಕ್ರಮದಲ್ಲಿ ಬರೆದಿದ್ದಾನೆ. ನೀವು ಒಂದನೆಯದನ್ನು ಚೆನ್ನಾಗಿ ಮಾಡಿದ್ದೀರಿ. ಆಮೇಲೆ ಎರಡನೆಯದನ್ನು ಬಿಟ್ಟು ನೇರ ಮೂರಕ್ಕೆ ಹಾರಿದ್ದೀರಿ, ಅಂದರೆ ಪುಟಗಟ್ಟಲೆ ಬರೆಯಲು ಕೂತಿದ್ದೀರಿ. ಈಗ ಒಂದು ಹೆಜ್ಜೆ ಹಿಂದೆ ಬರಬೇಕು, ಅಷ್ಟೇ. 14 ಪುಟ ಬರೆದ ಶ್ರಮ ಎಲ್ಲೂ ಹೋಗುವುದಿಲ್ಲ.

ಶುರು ಮಾಡುವ ಮೊದಲು ಒಂದು ಸಣ್ಣ ಲೆಕ್ಕ. ನಿಮ್ಮ ಒಂದು ಪುಟವನ್ನು ಗಡಿಯಾರ ಇಟ್ಟುಕೊಂಡು, ಎದುರಿಗೆ ಜನ ಇದ್ದಾರೆ ಅಂದುಕೊಂಡು, ಗಟ್ಟಿಯಾಗಿ ಓದಿ. ಎರಡೂವರೆ ನಿಮಿಷ ಹಿಡಿಯಿತು ಅಂತ ಇಟ್ಟುಕೊಳ್ಳಿ. ಹಾಗಾದರೆ 14 ಪುಟಕ್ಕೆ 35 ನಿಮಿಷ. ನಿಮಗೆ ಕೊಟ್ಟಿರುವುದು 15. ಅದರಲ್ಲೂ 13ಕ್ಕೆ ಮಾತ್ರ ತಯಾರಿ ಮಾಡಿ. ಜನ ಕೂರುವುದು, ಮೈಕ್ ಸರಿ ಮಾಡುವುದು, ಯಾರೋ ನಕ್ಕಾಗ ನಿಲ್ಲುವುದು ಎಲ್ಲ ಸೇರಿ ಎರಡು ನಿಮಿಷ ಹೋಗಿಯೇ ಹೋಗುತ್ತದೆ. ಹಾಗಾಗಿ ನೀವು ಬರೆದದ್ದರಲ್ಲಿ ಮೂರನೇ ಒಂದು ಭಾಗಕ್ಕೆ ಮಾತ್ರ ಜಾಗ ಇದೆ. ಇದು ಬೇಜಾರಿನ ಸಂಗತಿ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಜಾಗ ಕಮ್ಮಿ ಇದ್ದಾಗಲೇ ಆರಿಸುವ ಕೆಲಸ ಶುರುವಾಗುವುದು.

1863ರ ನವೆಂಬರ್ 19ರಂದು ಅಮೆರಿಕದ ಗೆಟಿಸ್‌ಬರ್ಗ್‌ನಲ್ಲಿ ಸೈನಿಕರ ಸ್ಮಶಾನಭೂಮಿಯನ್ನು ಅರ್ಪಿಸುವ ಕಾರ್ಯಕ್ರಮ ಇತ್ತು. ಮುಖ್ಯ ಭಾಷಣಕಾರರು ಎಡ್ವರ್ಡ್ ಎವರೆಟ್. ಆ ಕಾಲಕ್ಕೆ ಅವರು ದೊಡ್ಡ ಹೆಸರು. ಸುಮಾರು ಎರಡು ಗಂಟೆ ಮಾತಾಡಿದರು, 13 ಸಾವಿರಕ್ಕೂ ಹೆಚ್ಚು ಪದ. ಆಮೇಲೆ ಎದ್ದು ನಿಂತ ಅಬ್ರಹಾಂ ಲಿಂಕನ್ ಹೇಳಿದ್ದು ಸುಮಾರು 270 ಪದ. ಎವರೆಟ್ ಮಾರನೇ ದಿನ ಲಿಂಕನ್ನರಿಗೆ ಒಂದು ಪತ್ರ ಬರೆದರು. ನೀವು ಎರಡು ನಿಮಿಷದಲ್ಲಿ ಆ ಸಂದರ್ಭದ ತಿರುಳಿಗೆ ಎಷ್ಟು ಹತ್ತಿರ ಹೋದಿರೋ, ನಾನು ಎರಡು ಗಂಟೆಯಲ್ಲಿ ಅಷ್ಟು ಹತ್ತಿರ ಹೋಗಿದ್ದರೆ ಸಂತೋಷಪಡುತ್ತಿದ್ದೆ ಅನ್ನುವ ಅರ್ಥದ ಮಾತು ಅದರಲ್ಲಿ ಇದೆ. ನನಗೆ ಆ ಪತ್ರ ತುಂಬ ಇಷ್ಟ. ಚಿಕ್ಕ ಭಾಷಣ ದೊಡ್ಡದು ಅಂತ ಅವರು ಹೇಳುತ್ತಿಲ್ಲ. ತಿರುಳು ಸಿಕ್ಕಿದೆಯೋ ಇಲ್ಲವೋ ಅನ್ನುವುದನ್ನು ನೋಡುತ್ತಿದ್ದಾರೆ.

ನಿಮ್ಮ ಭಾಷಣದ ತಿರುಳು ಯಾವುದು? "ನಿದ್ದೆಯ ಮಹತ್ವ" ಅಂತ ನೀವು ಹೇಳಬಹುದು. ಅದು ವಿಷಯದ ಹೆಸರು, ಅಷ್ಟೇ. ಅದರಲ್ಲಿ ಹೇಳಿಕೆ ಇಲ್ಲ. ಯಾರೂ ಅದನ್ನು ಒಪ್ಪಲೂ ಆಗುವುದಿಲ್ಲ, ಅಲ್ಲಗಳೆಯಲೂ ಆಗುವುದಿಲ್ಲ. ತಿರುಳು ಅಂದರೆ ಕ್ರಿಯಾಪದ ಇರುವ ಒಂದು ಪೂರ್ತಿ ವಾಕ್ಯ. ನಿಮ್ಮ ಸಹೋದ್ಯೋಗಿ ಮನೆಗೆ ಹೋದಾಗ "ಇವತ್ತು ಏನು ಹೇಳಿದ್ರು?" ಅಂತ ಯಾರಾದರೂ ಕೇಳಿದರೆ ಅವರ ಬಾಯಲ್ಲಿ ಬರಬೇಕಾದ ವಾಕ್ಯ ಅದು.

ನಿಮ್ಮ ಸರಕನ್ನು ನೋಡಿದಾಗ ನನಗೆ ಹೊಳೆದದ್ದು ಇದು: "ನಿದ್ದೆ ಕಮ್ಮಿಯಾದಾಗ ಎಷ್ಟು ನಷ್ಟವಾಗಿದೆ ಅಂತ ನಮಗೇ ತಿಳಿಯುವುದಿಲ್ಲ; ಅದಕ್ಕೇ 'ನನಗೆ ಅಭ್ಯಾಸ ಆಗಿದೆ' ಅನ್ನುವ ಮಾತನ್ನು ನಂಬಬೇಡಿ, ಗಡಿಯಾರವನ್ನು ನಂಬಿ." ನಿಮ್ಮದು ಬೇರೆಯೇ ಇರಬಹುದು, ಇರಲಿ. ಆದರೆ ಒಂದೇ ಇರಲಿ. ಬರೆದ ಮೇಲೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಈ 40 ಜನರಿಗೆ ಇದು ಬೇಕಾ? ಇದನ್ನು ಕೇಳಿದ ಮೇಲೆ ಅವರು ಏನಾದರೂ ಬೇರೆ ರೀತಿ ಮಾಡಬಹುದಾ? ಎರಡಕ್ಕೂ ಹೌದು ಅಂತ ಬಂದರೆ ಆ ವಾಕ್ಯವನ್ನು ದಪ್ಪ ಅಕ್ಷರದಲ್ಲಿ ಬರೆದು ಮೇಜಿನ ಎದುರಿಗೆ ಅಂಟಿಸಿ. ಮುಂದಿನ ಮೂರು ವಾರ ಅದೇ ನಿಮ್ಮ ಯಜಮಾನ.

ಈಗ ಕೈಕೆಲಸ. ಹಳೆ ಕಾಗದ ತೆಗೆದುಕೊಂಡು ಅಂಗೈಯಗಲದ ಚೀಟಿ ಮಾಡಿ. 14 ಪುಟದಲ್ಲಿ ಇರುವ ಒಂದೊಂದು ಸಂಗತಿಯನ್ನೂ ಒಂದೊಂದು ಚೀಟಿಯಲ್ಲಿ ಬರೆಯಿರಿ. ಒಂದು ಕರಾರು: ಪ್ರತಿ ಚೀಟಿಯಲ್ಲೂ ಪೂರ್ತಿ ವಾಕ್ಯ ಇರಬೇಕು. "ಕೆಫೀನ್" ಅಂತ ಬರೆದರೆ ಆಗಲಿಲ್ಲ. "ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ದೇಹದಿಂದ ಹೋಗಲು ಸುಮಾರು 5 ಗಂಟೆ ಬೇಕು" ಅಂತ ಬರೆಯಿರಿ. ಒಂದೇ ಪದ ಬರೆದಾಗ ಆ ವಿಷಯ ಗೊತ್ತಿದೆ ಅನ್ನುವ ಧೈರ್ಯ ಬರುತ್ತದೆ, ಆದರೆ ಅದರ ಬಗ್ಗೆ ಏನು ಹೇಳಬೇಕು ಅಂತ ತೀರ್ಮಾನ ಆಗಿರುವುದಿಲ್ಲ. ವಾಕ್ಯ ಬರೆಯಲು ಹೊರಟಾಗ ಎಷ್ಟೋ ಚೀಟಿ ಅಲ್ಲೇ ಬಿದ್ದುಹೋಗುತ್ತವೆ. ಬರೆಯಲು ಹೇಳಿಕೆಯೇ ಇರುವುದಿಲ್ಲ. ರೂಪುರೇಷೆ ಮಾಡಿಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲೇ. ಪದಗಳ ಪಟ್ಟಿಯನ್ನು ರೂಪುರೇಷೆ ಅಂದುಕೊಂಡುಬಿಡುತ್ತಾರೆ.

ಚೀಟಿಗಳನ್ನೆಲ್ಲ ನೆಲದ ಮೇಲೆ ಹರಡಿ. ಕಂಪ್ಯೂಟರಿನಲ್ಲಿ ಮಾಡಬಾರದಾ ಅಂತ ಕೇಳುತ್ತೀರಿ. ಮಾಡಬಹುದು. ಆದರೆ ನೆಲದ ಮೇಲೆ ಒಂದು ಚೀಟಿಯನ್ನು ಆಚೆ ತಳ್ಳುವುದು ಸುಲಭ. ಪರದೆ ಮೇಲೆ ಅಚ್ಚುಕಟ್ಟಾಗಿ ಕೂತ ಸಾಲನ್ನು ಅಳಿಸಲು ಮನಸ್ಸು ಬರುವುದಿಲ್ಲ.

ತಿರುಳಿನ ವಾಕ್ಯವನ್ನು ಮೇಲೆ ಇಡಿ. ಈಗ ಒಂದೊಂದೇ ಚೀಟಿ ಎತ್ತಿ ಕೇಳಿ: ಇದು ಇಲ್ಲದಿದ್ದರೆ ಆ ವಾಕ್ಯವನ್ನು ಜನ ನಂಬುವುದು ಕಷ್ಟವಾಗುತ್ತದಾ? 2017ರಲ್ಲಿ ವೈದ್ಯಕೀಯ ನೊಬೆಲ್ ಜೆಫ್ರಿ ಹಾಲ್, ಮೈಕಲ್ ರೊಸ್ಬಾಶ್, ಮೈಕಲ್ ಯಂಗ್ ಅವರಿಗೆ ಸಿಕ್ಕಿತು, ಹಣ್ಣಿನ ನೊಣದಲ್ಲಿ ದೇಹದ ಗಡಿಯಾರ ಹೇಗೆ ನಡೆಯುತ್ತದೆ ಅಂತ ಬಿಡಿಸಿ ತೋರಿಸಿದ್ದಕ್ಕೆ. ಒಳ್ಳೆಯ ಕಥೆ. ನಿಮ್ಮ ತಿರುಳಿಗೆ ಬೇಕಾ? ಬೇಡ. ಕನಸು ಬೀಳುವ ನಿದ್ದೆಯ ಹಂತವನ್ನು 1953ರಲ್ಲಿ ಗುರುತಿಸಿದ್ದು? ಬೇಡ. ಗೊರಕೆ? ಅದು ತುಂಬ ಮುಖ್ಯವಾದ ವಿಷಯ, ಆದರೆ ಅದು ಬೇರೆಯೇ ಭಾಷಣ. ಇವನ್ನೆಲ್ಲ ಒಂದು ಲಕೋಟೆಗೆ ಹಾಕಿಡಿ. ಎಸೆಯಬೇಡಿ. ಭಾಷಣ ಮುಗಿದ ಮೇಲೆ ಯಾರಾದರೂ ಪ್ರಶ್ನೆ ಕೇಳಿದಾಗ ಅವೇ ನಿಮ್ಮ ಕೈ ಹಿಡಿಯುತ್ತವೆ. ಹತ್ತು ಪಟ್ಟು ತಿಳಿದುಕೊಂಡು ಒಂದು ಪಟ್ಟು ಹೇಳುವವರ ಮಾತಿಗೆ ಒಂದು ತೂಕ ಇರುತ್ತದೆ. ಕೇಳುವವರಿಗೆ ಅದು ಹೇಗೋ ಗೊತ್ತಾಗುತ್ತದೆ.

ಉಳಿದ ಚೀಟಿಗಳನ್ನು ಸಾಲಾಗಿ ಜೋಡಿಸಿ, ಒಂದರಿಂದ ಇನ್ನೊಂದಕ್ಕೆ ಗಟ್ಟಿಯಾಗಿ ಓದುತ್ತಾ ಹೋಗಿ. ಎರಡು ಚೀಟಿಯ ನಡುವೆ ನಿಮ್ಮ ಬಾಯಲ್ಲಿ ಯಾವ ಪದ ಬರುತ್ತದೆ ಅಂತ ಗಮನಿಸಿ. "ಮತ್ತೆ", "ಇನ್ನೊಂದು ಏನಂದ್ರೆ", "ಹಾಗೇನೇ" ಅಂತ ಬರುತ್ತಿದ್ದರೆ ಅದು ಬರೀ ಪಟ್ಟಿ. ಆ ಚೀಟಿಗಳನ್ನು ಹಿಂದೆಮುಂದೆ ಮಾಡಿದರೂ ಏನೂ ಬದಲಾಗುವುದಿಲ್ಲ. ನಿಮ್ಮ ತಂಗಿ ಕೇಳಿದ್ದು ಅಂಥದ್ದನ್ನೇ ಇರಬೇಕು. "ಆದರೆ", "ಯಾಕಂದ್ರೆ", "ಅದಕ್ಕೇ" ಅಂತ ಬರುತ್ತಿದ್ದರೆ ಒಂದು ಮಾತು ಇನ್ನೊಂದನ್ನು ಎಳೆದು ತರುತ್ತಿದೆ ಅಂತ ಅರ್ಥ. ಈಗ ನಿಮ್ಮದನ್ನೇ ಹಾಕಿ ನೋಡೋಣ.

ದಿನಕ್ಕೆ ಆರು ಗಂಟೆ ನಿದ್ದೆ ಸಾಕು, ನನಗೆ ಅಭ್ಯಾಸ ಆಗಿದೆ ಅಂತ ನಮ್ಮಲ್ಲಿ ತುಂಬ ಜನ ಅಂದುಕೊಂಡಿದ್ದೇವೆ. ಆದರೆ 2003ರಲ್ಲಿ ಪ್ರಕಟವಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರ ಪ್ರಯೋಗದಲ್ಲಿ, 14 ದಿನ ಆರು ಗಂಟೆ ಅಥವಾ ಇನ್ನೂ ಕಮ್ಮಿ ಮಲಗಿದವರ ಗಮನಶಕ್ತಿ, ಎರಡು ರಾತ್ರಿವರೆಗೆ ಕಣ್ಣೇ ಮುಚ್ಚದವರ ಮಟ್ಟಕ್ಕೆ ಕುಸಿಯಿತು. ಆದರೂ ಅವರಿಗೆ ಅದು ಹೆಚ್ಚುಕಮ್ಮಿ ಗೊತ್ತೇ ಆಗಲಿಲ್ಲ. ಯಾಕಂದ್ರೆ ಮೊದಲ ಕೆಲವು ದಿನ ತೂಕಡಿಕೆ ಜಾಸ್ತಿಯಾಗುತ್ತದೆ, ಆಮೇಲೆ ಆ ಅನುಭವ ಅಷ್ಟಕ್ಕೇ ನಿಂತುಬಿಡುತ್ತದೆ. ಕುಸಿತ ಮಾತ್ರ ನಿಲ್ಲುವುದಿಲ್ಲ. ಅದಕ್ಕೇ ನಿದ್ದೆ ಸಾಕಾಯಿತಾ ಅಂತ ನಮ್ಮನ್ನು ನಾವೇ ಕೇಳಿಕೊಂಡರೆ ಸರಿಯಾದ ಉತ್ತರ ಬರುವುದಿಲ್ಲ. ಅದಕ್ಕೇ ಗಡಿಯಾರ ನೋಡಬೇಕು: ವಯಸ್ಕರಿಗೆ ಏಳು ಗಂಟೆ ಅಥವಾ ಹೆಚ್ಚು, ಏಳುವ ಹೊತ್ತು ದಿನವೂ ಒಂದೇ, ಮಧ್ಯಾಹ್ನದ ಮೇಲೆ ಕೆಫೀನ್ ಬೇಡ.

ನೋಡಿ, ಬರೀ ಆರು ಚೀಟಿ. ಒಂದನ್ನು ತೆಗೆದರೂ ಉಳಿದದ್ದು ಕುಂಟುತ್ತದೆ. ಹಿಂದೆಮುಂದೆ ಮಾಡಲೂ ಆಗುವುದಿಲ್ಲ. ಇದಕ್ಕೆ ನಾನು ರೂಪುರೇಷೆ ಅನ್ನುತ್ತೇನೆ. ಹೀಗೆ ಜೋಡಿಸಿದ್ದರ ಇನ್ನೊಂದು ಲಾಭ ಏನಂದರೆ, ಮರೆಯುವುದು ಕಷ್ಟ. ಒಂದು ಮಾತು ಮುಗಿದಾಗ ಮುಂದಿನದು ತಾನಾಗಿ ಬಾಯಿಗೆ ಬರುತ್ತದೆ.

ಎಲ್ಲ ಭಾಷಣವೂ ಇದೇ ಅಚ್ಚಿನಲ್ಲಿ ಬರಬೇಕು ಅಂತಿಲ್ಲ. ಕಾಲದ ಕ್ರಮದಲ್ಲಿ ಹೇಳಬಹುದು, ಮೊದಲು ಏನಾಯಿತು, ಆಮೇಲೆ ಏನಾಯಿತು ಅಂತ. ಕಾರಣ ಹೇಳಿ ಪರಿಣಾಮಕ್ಕೆ ಹೋಗಬಹುದು. ಸಮಸ್ಯೆ ಹೇಳಿ ಪರಿಹಾರಕ್ಕೆ ಬರಬಹುದು. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಭಾಷಣ ಕಲಿಸುತ್ತಿದ್ದ ಅಲನ್ ಮನ್ರೋ 1930ರ ದಶಕದಲ್ಲಿ ಐದು ಮೆಟ್ಟಿಲಿನ ಒಂದು ಕ್ರಮ ಕೊಟ್ಟರು. ಗಮನ ಸೆಳೆಯಿರಿ, ಕೊರತೆ ತೋರಿಸಿ, ಅದನ್ನು ತುಂಬುವ ದಾರಿ ಹೇಳಿ, ಹಾಗೆ ಮಾಡಿದರೆ ನಾಳೆ ಹೇಗಿರುತ್ತದೆ ಅಂತ ಕಣ್ಣಿಗೆ ಕಟ್ಟಿಸಿ, ಕೊನೆಗೆ ಏನು ಮಾಡಬೇಕು ಅಂತ ಕೇಳಿಕೊಳ್ಳಿ. ಜನರಿಂದ ಏನಾದರೂ ಮಾಡಿಸಬೇಕಾದಾಗ ಇದು ಇವತ್ತಿಗೂ ಚೆನ್ನಾಗಿ ಕೆಲಸ ಮಾಡುತ್ತದೆ. ನಿಮ್ಮದಕ್ಕೂ ಹೊಂದುತ್ತದೆ. ಸ್ಟೀವ್ ಜಾಬ್ಸ್ 2005ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮಾಡಿದ ಭಾಷಣದಲ್ಲಿ ಇದ್ಯಾವುದೂ ಇಲ್ಲ. ನನ್ನ ಬದುಕಿನ ಮೂರು ಕಥೆ ಹೇಳುತ್ತೇನೆ ಅಂದರು, ಹೇಳಿದರು. ಅಷ್ಟು ಸರಳವಾದ ಹಂದರ. ಅದೂ ನಿಂತಿತು, ಯಾಕಂದರೆ ಕೇಳುವವರಿಗೆ ಈಗ ಎಷ್ಟನೇ ಕಥೆಯಲ್ಲಿ ಇದ್ದೇವೆ ಅನ್ನುವುದು ಉದ್ದಕ್ಕೂ ಗೊತ್ತಿತ್ತು.

ಯಾವ ಕ್ರಮ ಅಂತ ಮೊದಲೇ ಆರಿಸಿಕೊಂಡು ಅದರೊಳಗೆ ಸರಕು ತುರುಕಬೇಡಿ. ಚೀಟಿಗಳನ್ನು ಎರಡು ಮೂರು ರೀತಿ ಜೋಡಿಸಿ ನೋಡಿ. "ಅದಕ್ಕೇ" ಅನ್ನುವ ಪದ ಎಲ್ಲಿ ಜಾಸ್ತಿ ಬರುತ್ತದೋ ಅದೇ ನಿಮ್ಮ ಕ್ರಮ.

ಎಷ್ಟು ಪಾಯಿಂಟ್ ಇರಬೇಕು ಅಂತ ಕೇಳಿದ್ದೀರಿ. ಏಳು ಅನ್ನುವ ಸಂಖ್ಯೆಯನ್ನು ನೀವೂ ಎಲ್ಲೋ ಕೇಳಿರಬಹುದು. ಅದು 1956ರಲ್ಲಿ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಬರೆದ ಹೆಸರಾಂತ ಪ್ರಬಂಧದಿಂದ ಬಂದದ್ದು. ಅವರು ಮಾತಾಡುತ್ತಿದ್ದುದು ಅಂಕಿ, ಅಕ್ಷರಗಳಂಥ ಬಿಡಿ ಸಂಗತಿಗಳನ್ನು ಆ ಕ್ಷಣಕ್ಕೆ ಮನಸ್ಸಿನಲ್ಲಿ ಹಿಡಿದಿಡುವ ಬಗ್ಗೆ. ಭಾಷಣದ ಅಂಶಗಳ ಬಗ್ಗೆ ಅಲ್ಲ. 2001ರಲ್ಲಿ ಇನ್ನೊಬ್ಬ ಮನೋವಿಜ್ಞಾನಿ ನೆಲ್ಸನ್ ಕೋವನ್ ಆ ಸಂಖ್ಯೆಯನ್ನೂ ಸುಮಾರು ನಾಲ್ಕಕ್ಕೆ ಇಳಿಸಿದರು. ನಿಮ್ಮ 13 ನಿಮಿಷಕ್ಕೆ ಎರಡು ಅಥವಾ ಮೂರು ದೊಡ್ಡ ಭಾಗ ಸಾಕು. ಮೇಲಿನ ಆರು ಚೀಟಿ ತಾವಾಗಿ ಮೂರು ಗುಂಪಾಗುತ್ತವೆ: ನಾವು ಅಂದುಕೊಂಡಿರುವುದು, ನಿಜವಾಗಿ ಆಗುವುದು, ನಾವು ಮಾಡಬೇಕಾದ್ದು. ಮೂರು ಅನ್ನುವುದು ಕಟ್ಟುನಿಟ್ಟಿನ ನಿಯಮ ಅಲ್ಲ. ಎರಡೇ ಇದ್ದರೆ ಎರಡೇ ಇರಲಿ. ಲೆಕ್ಕ ತುಂಬಲು ಮೂರನೆಯದನ್ನು ಹುಟ್ಟಿಸಬೇಡಿ.

ಸಮಯವನ್ನೂ ಸಮನಾಗಿ ಹಂಚಬೇಡಿ. ಎಲ್ಲರಿಗೂ ಗೊತ್ತಿರುವುದಕ್ಕೆ ಕಮ್ಮಿ ಕೊಡಿ. ನಂಬಲು ಕಷ್ಟವಾದ ಜಾಗಕ್ಕೆ ಜಾಸ್ತಿ ಕೊಡಿ. ನಿಮ್ಮ ಭಾಷಣದಲ್ಲಿ ಆ ಜಾಗ "ಅವರಿಗೆ ಗೊತ್ತೇ ಆಗಲಿಲ್ಲ" ಅನ್ನುವುದು. ಅಲ್ಲಿ ನಾಲ್ಕೈದು ನಿಮಿಷ ನಿಲ್ಲಿ. ಆ ಪ್ರಯೋಗ ಹೇಗೆ ನಡೆಯಿತು ಅಂತ ಬಿಡಿಸಿ ಹೇಳಿ. 48 ಜನ ಇದ್ದರು. ಕೆಲವರಿಗೆ ರಾತ್ರಿಗೆ ನಾಲ್ಕು ಗಂಟೆ, ಕೆಲವರಿಗೆ ಆರು, ಕೆಲವರಿಗೆ ಎಂಟು. ಆಮೇಲೆ ಅವರ ಸ್ವಂತ ಅಂದಾಜು ಒಂದು ಕಡೆ, ಪರೀಕ್ಷೆಯ ಫಲಿತಾಂಶ ಇನ್ನೊಂದು ಕಡೆ. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದು ಕ್ಷಣ ಸುಮ್ಮನಿರಿ. ಆ ಮೌನವನ್ನೂ ಲೆಕ್ಕಕ್ಕೆ ಹಿಡಿದುಕೊಳ್ಳಿ.

ಒಂದು ಭಾಗದಿಂದ ಇನ್ನೊಂದಕ್ಕೆ ದಾಟುವ ವಾಕ್ಯಗಳನ್ನು ನಾನು ಕೊಂಡಿ ಮಾತು ಅನ್ನುತ್ತೇನೆ. ಭಾಷಣದಲ್ಲಿ ಬೇರೆ ಏನನ್ನು ಬರೆಯದಿದ್ದರೂ ಇವನ್ನು ಅಕ್ಷರ ಅಕ್ಷರ ಬರೆದುಕೊಳ್ಳಿ. ತಡವರಿಸುವುದು ಹೆಚ್ಚಾಗಿ ಇಲ್ಲೇ. ಒಂದು ವಿಷಯ ಮುಗಿದಿರುತ್ತದೆ, ಮುಂದಿನದು ಶುರುವಾಗಿರುವುದಿಲ್ಲ, ಆ ನಡುವಿನ ಖಾಲಿಯಲ್ಲಿ "ಸೋ... ಮತ್ತೆ..." ಅಂತ ಶುರುವಾಗುತ್ತದೆ. ಒಳ್ಳೆಯ ಕೊಂಡಿ ಹಿಂದಿನದನ್ನು ಅರ್ಧ ವಾಕ್ಯದಲ್ಲಿ ಕಟ್ಟಿ, ಮುಂದಿನದಕ್ಕೆ ಒಂದು ಪ್ರಶ್ನೆ ಎಸೆಯುತ್ತದೆ. ಹೀಗೆ: "ಸರಿ, ಗಮನಶಕ್ತಿ ಕುಸಿಯುತ್ತದೆ ಅಂತ ಆಯಿತು. ಹಾಗಾದರೆ ಕುಸಿದದ್ದು ಅವರಿಗೆ ಯಾಕೆ ಗೊತ್ತಾಗಲಿಲ್ಲ?" ನಡುವೆ ಎಲ್ಲೋ ಮನಸ್ಸು ಬೇರೆ ಕಡೆ ಹೋಗಿದ್ದವರು ಕೂಡ ಈ ಒಂದು ಪ್ರಶ್ನೆ ಹಿಡಿದು ಒಳಗೆ ಬರಬಹುದು. ಗಮನ ತಪ್ಪಿದವರಿಗೆ ಮತ್ತೆ ಸೇರಿಕೊಳ್ಳಲು ಬಾಗಿಲು ಇಟ್ಟಿರಬೇಕು ಅಲ್ವಾ? 13 ನಿಮಿಷ ಎಲ್ಲರೂ ಎಡೆಬಿಡದೆ ಕೇಳುತ್ತಾರೆ ಅಂತ ನಂಬಿ ಜೋಡಿಸಿದ ಭಾಷಣ, ಕೇಳುವವರ ಮೇಲೆ ಭಾರ ಹೊರಿಸುತ್ತದೆ.

ಶುರುವನ್ನು ಕೊನೆಗೆ ಬರೆಯಿರಿ. ಯಾವ ಮನೆಗೆ ಬಾಗಿಲು ಅಂತ ಗೊತ್ತಾದ ಮೇಲೆ ತಾನೇ ಬಾಗಿಲ ಅಳತೆ ತೆಗೆಯುವುದು? ಮೊದಲು ನಡುವಿನ ಭಾಗ, ಆಮೇಲೆ ಕೊನೆಯ ವಾಕ್ಯ, ಆಮೇಲೆ ಮೊದಲ ವಾಕ್ಯ. ಪಟ್ಟಿಯೊಂದನ್ನು ಕೇಳಿದವರಿಗೆ ಅದರ ಮೊದಲೂ ಕೊನೆಯೂ ಚೆನ್ನಾಗಿ ನೆನಪಿರುತ್ತದೆ, ನಡುವಿನದು ಮಸುಕಾಗುತ್ತದೆ ಅನ್ನುವುದನ್ನು ನೆನಪಿನ ಪ್ರಯೋಗಗಳು ಮತ್ತೆ ಮತ್ತೆ ತೋರಿಸಿವೆ. ರೋಮಿನ ಗುರುಗಳಿಗೆ ಪ್ರಯೋಗಶಾಲೆ ಇರಲಿಲ್ಲ, ಆದರೂ ಗಟ್ಟಿ ವಾದವನ್ನು ಮೊದಲಿಗೂ ಕೊನೆಗೂ ಇಡಿ, ಮೆತ್ತನೆಯದನ್ನು ನಡುವೆ ಇಡಿ ಅಂತ ಹೇಳಿಕೊಟ್ಟಿದ್ದರು.

ಹಾಗಿರುವಾಗ ಮೊದಲ ಒಂದು ನಿಮಿಷವನ್ನು ವಂದನೆ, ಅವಕಾಶ ಕೊಟ್ಟವರಿಗೆ ಧನ್ಯವಾದ, ನನಗೆ ಅಷ್ಟೇನೂ ಗೊತ್ತಿಲ್ಲ ಅನ್ನುವ ಮಾತು ಇವುಗಳಿಗೆ ಕೊಟ್ಟುಬಿಡುವುದು ನನಗೆ ಸಂಕಟ. ಒಂದು ಸಾಲಿನ ವಂದನೆ ಇರಲಿ, ಅದು ಮರ್ಯಾದೆ. ಅದಾದ ತಕ್ಷಣ ನೇರ ಒಳಗೆ ಕರೆದುಕೊಂಡು ಹೋಗಿ. ಉದಾಹರಣೆಗೆ: "ನಿನ್ನೆ ರಾತ್ರಿ ಎಷ್ಟು ಗಂಟೆ ಮಲಗಿದಿರಿ ಅಂತ ಮನಸ್ಸಿನಲ್ಲೇ ಎಣಿಸಿ. ಈಗ ಇನ್ನೊಂದು ಪ್ರಶ್ನೆ. ಅದು ಸಾಕಾಯಿತು ಅಂತ ನಿಮಗೆ ಹೇಳಿದ್ದು ಯಾರು?" ಎರಡನೇ ಪ್ರಶ್ನೆಗೆ ಅವರ ಹತ್ತಿರ ಉತ್ತರ ಇರುವುದಿಲ್ಲ. ಆ ಉತ್ತರಕ್ಕಾಗಿ ಅವರು ಕೂತು ಕೇಳುತ್ತಾರೆ.

ಕೊನೆಯ ವಾಕ್ಯ ಮೊದಲ ಪ್ರಶ್ನೆಗೆ ತಿರುಗಿ ಬಂದರೆ ಚೆನ್ನ. "ಇವತ್ತು ರಾತ್ರಿ ಮಲಗುವಾಗ ಗಡಿಯಾರ ನೋಡಿ, ಬೆಳಿಗ್ಗೆ ಎದ್ದಾಗ ನೋಡಿ, ಎರಡನ್ನೂ ಬರೆದಿಡಿ. ಒಂದು ವಾರ ಅಷ್ಟೇ ಮಾಡಿ." ಇಂಥದ್ದು ಹೇಳಿ ಕೂತುಬಿಡಿ. "ಇಷ್ಟು ಹೇಳಿ ನನ್ನ ಎರಡು ಮಾತನ್ನು ಮುಗಿಸುತ್ತೇನೆ" ಅಂದು ಮತ್ತೆ ಮೂರು ನಿಮಿಷ ಮುಂದುವರಿಯಬೇಡಿ. ಮುಗಿಸುತ್ತೇನೆ ಅಂದ ತಕ್ಷಣ ಕೇಳುವವರು ಮನಸ್ಸಿನಲ್ಲೇ ಎದ್ದಿರುತ್ತಾರೆ.

ಇನ್ನು ಬಾಯಿಪಾಠದ ಪ್ರಶ್ನೆ. ವಿನ್‌ಸ್ಟನ್ ಚರ್ಚಿಲ್ ಚಿಕ್ಕ ವಯಸ್ಸಿನಲ್ಲಿ ಭಾಷಣವನ್ನು ಪೂರ್ತಿ ಬಾಯಿಪಾಠ ಮಾಡುತ್ತಿದ್ದರು. 1904ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಸಂಸತ್ತಿನಲ್ಲಿ ಮಾತಾಡುತ್ತಿದ್ದಾಗ, ಭಾಷಣದ ಕೊನೆ ಹತ್ತಿರ ಬಂದಾಗ, ಮುಂದಿನ ಮಾತು ನೆನಪಿಗೆ ಬರಲಿಲ್ಲ. ವಾಕ್ಯದ ನಡುವೆ ನಿಂತು ಹುಡುಕಿದರು, ಸಿಗಲಿಲ್ಲ, ಕೂತುಬಿಟ್ಟರು. ಆಮೇಲೆ ಅವರು ಟಿಪ್ಪಣಿ ಇಲ್ಲದೆ ದೊಡ್ಡ ಭಾಷಣಕ್ಕೆ ನಿಲ್ಲಲಿಲ್ಲ. ಅವರ ಟಿಪ್ಪಣಿಗಳು ಪದ್ಯದ ಹಾಗೆ ಕಾಣುತ್ತವೆ. ಸಾಲುಗಳು ಚಿಕ್ಕವು, ಒಂದೊಂದು ಉಸಿರಿಗೆ ಒಂದೊಂದು ಸಾಲು, ಒಳಕ್ಕೆ ಸರಿಸಿ ಸರಿಸಿ ಟೈಪ್ ಮಾಡಿದ್ದು. ಕಣ್ಣು ಹಾಯಿಸಿದ ಕೂಡಲೇ ಜಾಗ ಸಿಗುವ ಹಾಗೆ.

ಇನ್ನೊಂದು ತುದಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್. 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಅವರು ಮಾಡಿದ ಭಾಷಣದ ಕೊನೆಯಲ್ಲಿ ಬರುವ "ನನಗೊಂದು ಕನಸಿದೆ" ಅನ್ನುವ ಮಾತು ಕೈಯಲ್ಲಿದ್ದ ಬರಹದಲ್ಲಿ ಇರಲಿಲ್ಲ. ಬರಹವನ್ನು ಬದಿಗಿಟ್ಟು ಮಾತು ಮುಂದುವರಿಸಿದರು. ಇದನ್ನು ಕೇಳಿ, ತಯಾರಿಯೇ ಬೇಡ ಅಂತ ಕೆಲವರು ಅಂದುಕೊಳ್ಳುತ್ತಾರೆ. ಆದರೆ ಆ ಮಾತು ಅವರಿಗೆ ಹೊಸದಲ್ಲ. ಅದೇ ವರ್ಷ ಜೂನ್‌ನಲ್ಲಿ ಡೆಟ್ರಾಯಿಟ್‌ನಲ್ಲೂ ಹೇಳಿದ್ದರು. ನಾಲಿಗೆಗೆ ಪಳಗಿದ ಒಂದು ಭಾಗ ಅದು, ಬೇಕಾದ ಜಾಗಕ್ಕೆ ತಂದು ಕೂರಿಸಿದರು. ಭಾಷಣವನ್ನು ವಾಕ್ಯಗಳಾಗಿ ಕಟ್ಟದೆ ಭಾಗಗಳಾಗಿ ಕಟ್ಟಿಕೊಂಡವರಿಗೆ ಮಾತ್ರ ಈ ಸ್ವಾತಂತ್ರ್ಯ ಸಿಗುತ್ತದೆ.

ಹಾಗಾಗಿ ನನ್ನ ಸಲಹೆ ನಡುವಿನ ದಾರಿ. ಮೊದಲ ಎರಡು ವಾಕ್ಯ, ಕೊಂಡಿ ಮಾತುಗಳು, ಕೊನೆಯ ಎರಡು ವಾಕ್ಯ ಇಷ್ಟು ಬಾಯಿಪಾಠ. ಉಳಿದದ್ದು ಚೀಟಿ ನೋಡಿ, ಆ ಕ್ಷಣಕ್ಕೆ ಬಂದ ಮಾತಿನಲ್ಲಿ. ಅಂಕಿಸಂಖ್ಯೆ ಮಾತ್ರ ಚೀಟಿಯಿಂದಲೇ ಓದಿ. ಅದರಲ್ಲಿ ನಾಚಿಕೆ ಏನಿಲ್ಲ, ಜನ ನಂಬುವುದು ಜಾಸ್ತಿಯೇ ಆಗುತ್ತದೆ.

ನಿಮ್ಮ ಒಂದು ಚೀಟಿ ಹೀಗಿರಬಹುದು:

2. ನಿಜವಾಗಿ ಆಗುವುದು (3ನೇ ನಿಮಿಷದಿಂದ 8ರವರೆಗೆ)
ಕೊಂಡಿ: "ಅಭ್ಯಾಸ ಆಗಿದೆ ಅಂತೀವಿ. ಯಾರಾದರೂ ಅಳೆದು ನೋಡಿದ್ದಾರಾ?"
2003, 48 ಜನ, 14 ದಿನ, 4 / 6 / 8 ಗಂಟೆ
ಎರಡು ರಾತ್ರಿ ನಿದ್ದೆಗೆಟ್ಟವರ ಮಟ್ಟ
ಅವರಿಗೆ ಗೊತ್ತೇ ಆಗಲಿಲ್ಲ (ನಿಲ್ಲಿ, ಉಸಿರು ತೆಗೆದುಕೊಳ್ಳಿ)
[ಬಿಡಬಹುದು: 1997ರ ಅಧ್ಯಯನ, 17 ಗಂಟೆ ಎಚ್ಚರ ಇದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ 0.05% ಮದ್ಯ ಇದ್ದವರ ಮಟ್ಟಕ್ಕೆ]

ಚೀಟಿಗೆ ಅಂಕಿ ಹಾಕಿ. ಕೆಳಗೆ ಬಿದ್ದು ಕಲಸಿಹೋದರೆ ಜೋಡಿಸಬಹುದು. ಅಕ್ಷರ ದೊಡ್ಡದಿರಲಿ, ಒಂದೇ ಬದಿಯಲ್ಲಿ ಬರೆಯಿರಿ.

ಆ ಕೊನೆಯ ಸಾಲಿನ ಚೌಕ ಆವರಣ ಸುಮ್ನೆ ಹಾಕಿದ್ದಲ್ಲ. ತುಂಬ ಹಿಂದೆ ಒಂದು ಕಾರ್ಯಕ್ರಮಕ್ಕೆ ನನ್ನನ್ನು 25 ನಿಮಿಷ ಮಾತಾಡಲು ಕರೆದಿದ್ದರು. ಮೊದಲು ಮಾತಾಡಿದವರೆಲ್ಲ ಎಳೆದರು. ನನ್ನ ಸರದಿ ಬಂದಾಗ "ಹತ್ತು ನಿಮಿಷದಲ್ಲಿ ಮುಗಿಸಿ" ಅಂತ ಒಂದು ಚೀಟಿ ಬಂತು. ಏನನ್ನು ಬಿಡಬೇಕು ಅಂತ ನಾನು ಮೊದಲೇ ಯೋಚಿಸಿರಲಿಲ್ಲ. 25 ನಿಮಿಷದ್ದನ್ನೇ ಹತ್ತರಲ್ಲಿ ಓಡಿಸಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯರು ಪೆನ್ನು ಹಿಡಿದು ಬರೆದುಕೊಳ್ಳುತ್ತಿದ್ದವರು, ಸ್ವಲ್ಪ ಹೊತ್ತಿಗೆ ಪೆನ್ನು ಜೇಬಿಗೆ ಸಿಕ್ಕಿಸಿ ಕೈ ಕಟ್ಟಿ ಕೂತರು. ಇವತ್ತಿಗೂ ಅದು ನನ್ನ ಕಣ್ಣ ಮುಂದಿದೆ. ಅವತ್ತಿನಿಂದ ಪ್ರತಿ ರೂಪುರೇಷೆಯಲ್ಲೂ ಬಿಡಬಹುದಾದ ಭಾಗಕ್ಕೆ ಆವರಣ ಹಾಕುತ್ತೇನೆ. ಸಮಯ ಕಮ್ಮಿಯಾದರೆ ವೇಗ ಹೆಚ್ಚಿಸುವುದಿಲ್ಲ, ಆವರಣ ಬಿಡುತ್ತೇನೆ.

ಸ್ಲೈಡ್ ಬೇಕಿದ್ದರೆ ಎಲ್ಲ ಮುಗಿದ ಮೇಲೆ ಮಾಡಿ. ಸ್ಲೈಡಿನಿಂದ ಶುರು ಮಾಡಿದರೆ ಅವೇ ನಿಮ್ಮ ರೂಪುರೇಷೆ ಆಗಿಬಿಡುತ್ತವೆ, ಮತ್ತೆ ಪದಗಳ ಪಟ್ಟಿಗೇ ಬರುತ್ತೀರಿ. ನಿಮ್ಮ ಭಾಷಣಕ್ಕೆ ಒಂದೇ ಒಂದು ಚಿತ್ರ ಸಾಕು ಅನ್ನಿಸುತ್ತದೆ: ಅವರ ಅಂದಾಜಿನ ಗೆರೆ, ಪರೀಕ್ಷೆಯ ಗೆರೆ, ಎರಡೂ ಒಂದರಿಂದ ಒಂದು ದೂರ ಹೋಗುತ್ತಿರುವುದು.

ನಿಮ್ಮ ಮೂರು ವಾರವನ್ನು ನಾನಾದರೆ ಹೀಗೆ ಬಳಸುತ್ತೇನೆ. ಮೊದಲ ವಾರ ತಿರುಳು ಮತ್ತು ಚೀಟಿ ಮಾತ್ರ. ಒಂದು ವಾಕ್ಯವನ್ನೂ ಚಂದ ಮಾಡಲು ಹೋಗಬೇಡಿ. ಎರಡನೇ ವಾರದಿಂದ ಎದ್ದು ನಿಂತು, ಗಟ್ಟಿಯಾಗಿ, ಗಡಿಯಾರ ಇಟ್ಟುಕೊಂಡು. ಮನಸ್ಸಿನಲ್ಲೇ ಓದಿಕೊಳ್ಳುವುದು ಅಭ್ಯಾಸ ಅಲ್ಲ. ಅಲ್ಲಿ ಎಲ್ಲವೂ ಸರಾಗವಾಗಿಯೇ ಇರುತ್ತದೆ. ಮೊದಲ ಎರಡು ಸಲ ನೀವು ಎಡವಿದ ಜಾಗಕ್ಕೆ ಚೀಟಿಯಲ್ಲಿ ಗುರುತು ಹಾಕಿ. ಎಡವಿದ್ದು ನಾಲಿಗೆಯ ತಪ್ಪು ಅಂದುಕೊಳ್ಳಬೇಡಿ. ಹೆಚ್ಚಿನ ಸಲ ಅಲ್ಲಿ "ಅದಕ್ಕೇ" ಕಡಿದುಹೋಗಿರುತ್ತದೆ. ಒಂದು ಚೀಟಿ ತಪ್ಪು ಜಾಗದಲ್ಲಿ ಇರುತ್ತದೆ, ಇಲ್ಲ ನಡುವೆ ಒಂದು ಚೀಟಿ ಬೇಕಿರುತ್ತದೆ. ಸರಿ ಮಾಡಿ ಮತ್ತೆ ಹೇಳಿ. ಪ್ರತಿ ಸಲವೂ ಮಾತು ಸ್ವಲ್ಪ ಬೇರೆ ಬರುತ್ತದೆ. ಬರಲಿ. ಕ್ರಮ ಒಂದೇ ಇದ್ದರೆ ಸಾಕು.

ಮೂರನೇ ವಾರ ತಂಗಿಯನ್ನು ಮತ್ತೆ ಕೂರಿಸಿಕೊಳ್ಳಿ. ಈ ಸಲ ಹೇಗಿತ್ತು ಅಂತ ಕೇಳಬೇಡಿ. ಭಾಷಣ ಮುಗಿದ ಮೇಲೆ ಬೇರೆ ಏನಾದರೂ ಮಾತಾಡಿ, ಅರ್ಧ ಗಂಟೆ ಬಿಟ್ಟು "ನಾನು ಏನು ಹೇಳಿದೆ, ಒಂದು ವಾಕ್ಯದಲ್ಲಿ ಹೇಳು" ಅನ್ನಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡು, ಮೇಜಿನ ಎದುರಿಗೆ ಅಂಟಿಸಿದ ವಾಕ್ಯದ ಪಕ್ಕ ಇಟ್ಟು ನೋಡಿ. ಅವರ ವಾಕ್ಯ ನಿಮ್ಮದಕ್ಕಿಂತ ಚೆನ್ನಾಗಿದ್ದರೆ, ಅಂಟಿಸಿದ್ದನ್ನು ಕಿತ್ತು ಅವರದನ್ನೇ ಅಂಟಿಸಿ.